ಹರಿಹರದ ಪಡಸಾಲೆಯ ಶಾಲೆ

ನನ್ನ ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ. ನಾನು ಅವಳಿಗಿಂತ ನಾಲ್ಕೈದು ವರ್ಷ ಚಿಕ್ಕವಳು. ಬಾಯಿಂದ ಮಾತು ಬರುವ ಮುಂಚೆಯೇ ನಾನು ಕೈಯಿಂದ ಮಾತಾಡಲು ಕಲಿತೆನೆಂದು ಅವ್ವ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ನಿಜವೇ ಇದ್ದೀತು. ನಮ್ಮಿಬ್ಬರ ಆ ಭಾಷೆಯನ್ನು ಯಾರೂ ನಮಗೆ ಕಲಿಸಿದ್ದಲ್ಲ. ಬೇಕಾದಾಗ ಬೇಕಾದ ಮಾತನ್ನು ನಾವೇ ಮಾಡಿಕೊಂಡಿದ್ದೆವು. ಹತ್ತಿಯ ಎಳೆಯನ್ನು ಎರಡು ಕೈಯ ಬೆರಳುಗಳಲ್ಲಿ ಹಿಗ್ಗಿಸಿ ಬೆಳಕಿಗೆ ಹಿಡಿದು ನೋಡುವಂತೆ ಮಾಡಿದರೆ ಅಪ್ಪ. ಮೂಗಿನ ಪಕ್ಕ ಬೆರಳಿಟ್ಟರೆ ಅವ್ವ, ಏಕೆಂದರೆ ಅವಳ ಮೂಗುಬೊಟ್ಟು ದೂರದಿಂದಲೂ ಹೊಳೆಯುತ್ತಿತ್ತು. ಜಡೆ ಜಗ್ಗಿದಂತೆ ಮಾಡಿದರೆ ನಾನು. ಮುಷ್ಟಿಯನ್ನು ಬಾಯಿಗೆ ಚಿಮ್ಮಿದರೆ ಮಂಡಕ್ಕಿ. ರೈಲಿಗೆ ಮಾತ್ರ ಅಕ್ಕ ತನ್ನ ಪಾದವನ್ನು ತೋರಿಸುತ್ತಿದ್ದಳು. ದಾವಣಗೆರೆಯ ಪ್ಲಾಟ್‌ಫಾರಂ ಮೇಲೆ ನಿಂತಾಗ ಗಾಡಿ ಬರುವುದು ನಮಗಿಂತ ಮೊದಲು ಅವಳ ಅಂಗಾಲಿಗೆ ಗೊತ್ತಾಗುತ್ತಿತ್ತು.

ನಮ್ಮ ಮನೆ ಹತ್ತಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಅಪ್ಪನದು ದಲ್ಲಾಳಿ ಅಂಗಡಿ. ಸುಗ್ಗಿಯ ಕಾಲದಲ್ಲಿ ಗಾಳಿಯಲ್ಲೆಲ್ಲ ಹತ್ತಿಯ ನಾರು ಹಾರಾಡಿ, ಅಂಗಳದಲ್ಲಿ ಒಣಗಲು ಹಾಕಿದ ಸೀರೆಗಳ ಮೇಲೆ, ತುಳಸಿಯ ಮೇಲೆ, ಮಲಗಿದ ಬೆಕ್ಕಿನ ಮೇಲೆ ಬಂದು ಕೂರುತ್ತಿತ್ತು. ಅಕ್ಕ ಆ ನಾರನ್ನು ಆರಿಸಿ ಕೂಡಿಸಿ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ರಂಗೋಲಿ, ಕಸೂತಿ, ರೊಟ್ಟಿ ಎಲ್ಲದರಲ್ಲೂ ಅವಳ ಕೈ ಚುರುಕು. ಆದರೂ ಓಣಿಯವರಿಗೆ ಅವಳು ‘ಮೂಗಿ’. ಎದುರಿಗೇ ಹಾಗನ್ನುತ್ತಿದ್ದರು. ಕೇಳಿಸುವುದಿಲ್ಲವಲ್ಲ ಎಂಬ ಧೈರ್ಯ. ನನಗೆ ಕೇಳಿಸುತ್ತಿತ್ತು. ಅವ್ವನಿಗೂ.

ಅಕ್ಕನ ಕಿವಿಗಾಗಿ ಅಜ್ಜಿ ಇದ್ದಷ್ಟು ದಿನ ಹರಕೆಗಳು ನಡೆದವು. ಯಾರೋ ಹೇಳಿದ ಎಣ್ಣೆ, ಇನ್ಯಾರೋ ಕೊಟ್ಟ ಬೇರು. ಅಜ್ಜಿ ತೀರಿಕೊಂಡ ಮೇಲೆ ಅದೆಲ್ಲ ನಿಂತುಹೋಯಿತು. ಅಕ್ಕ ಹಾಗೇ ಇದ್ದಾಳೆ, ಹಾಗೇ ಇರುತ್ತಾಳೆ ಎಂದು ಮನೆಯವರೆಲ್ಲ ಒಪ್ಪಿಕೊಂಡಂತಿತ್ತು. ಅವ್ವನ ಮನಸ್ಸು ಬೇರೆ ಕಡೆ ತಿರುಗಿದ್ದು ಹರಿಹರದ ಹತ್ತಿರದ ಸಾರಥಿ ಎಂಬ ಹಳ್ಳಿಯ ಹೊಲದಲ್ಲಿ.

ಅವ್ವನ ತವರು ಹರಿಹರ. ದೇವಸ್ಥಾನದ ಹತ್ತಿರದ ಓಣಿಯಲ್ಲಿ ಮಾವನ ಮನೆ. ಮಾವ ಎಂದರೆ ಅವ್ವನ ಅಣ್ಣ. ಅವನ ಹೊಲ ಸಾರಥಿಯಲ್ಲಿತ್ತು. ಶೇಂಗಾ ಕೀಳುವ ದಿನಗಳಲ್ಲಿ ನಾವು ದಾವಣಗೆರೆಯಿಂದ ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿ ಹರಿಹರಕ್ಕೆ ಹೋಗಿ, ಅಲ್ಲಿಂದ ಮಾವನ ಎತ್ತಿನ ಗಾಡಿಯಲ್ಲಿ ಹೊಲಕ್ಕೆ ಹೋಗುತ್ತಿದ್ದೆವು. ನಾನು ಆಗ ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಆ ದಿನ ಬುತ್ತಿ ಬಿಚ್ಚಲೆಂದು ಬೇವಿನ ಮರದ ನೆರಳಿಗೆ ಹೋದರೆ, ಮರಕ್ಕೆ ಒಂದು ಕೂಸನ್ನು ಕಟ್ಟಿಹಾಕಿದ್ದರು. ನಾಲ್ಕೈದು ವರ್ಷದ ಹುಡುಗಿ. ಸೊಂಟಕ್ಕೆ ಹಗ್ಗ. ಅದು ಅಳುತ್ತಿರಲಿಲ್ಲ. ಹಗ್ಗ ಎಲ್ಲಿಯವರೆಗೆ ಬಿಡುತ್ತದೋ ಅಲ್ಲಿಯವರೆಗೆ ಹೋಗಿ, ಮತ್ತೆ ಮರದ ಹತ್ತಿರ ಬಂದು ಕೂರುತ್ತಿತ್ತು. ಅವ್ವ ಸಾಲಿನಲ್ಲಿ ಶೇಂಗಾ ಕೀಳುತ್ತಿದ್ದ ಹೆಂಗಸರತ್ತ ತಿರುಗಿ ಜೋರಾಗಿ ಕೂಗಿದಳು.

“ಯಾರದವ್ವಾ ಈ ಕೂಸು? ಕರು ಕಟ್ಟಿದಂಗೆ ಕಟ್ಟೀರಲ್ಲ, ಕರುಳೇನಾದ್ರೂ ಐತೇನು?”

ಒಬ್ಬ ಹೆಂಗಸು ಕೈಯ ಮಣ್ಣು ಒರೆಸಿಕೊಳ್ಳುತ್ತ ಬಂದಳು. ತೆಳ್ಳನೆಯ ಮೈ, ಒಣಗಿದ ತುಟಿ.

“ನಂದೇ ಅಮ್ಮಾರೆ. ಕಿವಿ ಕೇಳ್ಸಂಗಿಲ್ಲ ಅದಕ್ಕೆ. ಕರೆದ್ರೆ ತಿರುಗಿ ನೋಡಂಗಿಲ್ಲ. ಆ ಕಡೆ ಕಟ್ಟಿ ಇಲ್ಲದ ಬಾವಿ ಐತೆ, ಈ ಕಡೆ ಗಾಡಿ ದಾರಿ. ಬಿಟ್ಟು ಕೆಲ್ಸಕ್ಕೆ ನಿಂತ್ರೆ ಸಂಜಿಗೆ ನನ್ ಮಗಳು ಇರ್ತಾಳಂತ ಹೆಂಗೆ ನಂಬ್ಲಿ? ನೀವೇ ಹೇಳ್ರಿ.”

ಅಷ್ಟರಲ್ಲಿ ಅಕ್ಕ ಕೂಸಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಒಂದು ಶೇಂಗಾ ಸುಲಿದು ಕಾಳನ್ನು ತೋರಿಸಿ, ಬೆರಳಿಂದ ಶೇಂಗಾ ಒಡೆಯುವ ಸನ್ನೆ ಮಾಡಿ, ಕಾಳು ಕೊಟ್ಟಳು. ಇನ್ನೊಂದು ಸುಲಿದಳು, ಮತ್ತೆ ಅದೇ ಸನ್ನೆ. ಸ್ವಲ್ಪ ಹೊತ್ತು ಹೀಗೇ ನಡೆಯಿತು. ಆಮೇಲೆ ಅಕ್ಕ ಸುಮ್ಮನೆ ಕೂತಳು. ಕೂಸು ಅವಳ ಮುಖವನ್ನೇ ನೋಡಿತು. ಆಮೇಲೆ ತನ್ನ ಪುಟ್ಟ ಬೆರಳುಗಳನ್ನು ಒಂದಕ್ಕೊಂದು ಒತ್ತಿ ಶೇಂಗಾ ಒಡೆಯುವ ಸನ್ನೆ ಮಾಡಿತು. ಅದು ಕೇಳಿತು! ಬದುಕಿನಲ್ಲಿ ಮೊದಲ ಸಲ ಇನ್ನೊಬ್ಬರನ್ನು ಏನನ್ನೋ ಕೇಳಿತು. ಅಕ್ಕ ಬೊಗಸೆ ತುಂಬ ಶೇಂಗಾ ಅದರ ಉಡಿಗೆ ಸುರಿದು, ಹಗ್ಗ ಬಿಚ್ಚಿ, ಸೊಂಟಕ್ಕೆ ಎತ್ತಿಕೊಂಡಳು. ಸಂಜೆಯವರೆಗೆ ಇಳಿಸಲಿಲ್ಲ.

ಅವ್ವ ಅವತ್ತು ಬುತ್ತಿ ಉಣ್ಣಲಿಲ್ಲ. ವಾಪಸ್ ಬರುವಾಗ ಗಾಡಿಯಲ್ಲಿ ಮಾವನಿಗೆ, “ಅಣ್ಣಾ, ನನ್ನ ಮಗಳಿಗೆ ಏನೂ ಬರಂಗಿಲ್ಲಂತ ನಾವು ತಿಳ್ಕೊಂಡಿದ್ವಿ. ನೋಡಿದ್ಯಾ?” ಎಂದಳು. ಮಾವ ಹೂಂ ಎಂದ.

ದಾವಣಗೆರೆಯಲ್ಲಿ ನಮ್ಮ ಮನೆಗೆ ಬರುತ್ತಿದ್ದ ಡಾಕ್ಟರರನ್ನು ಅವ್ವ ವಿಚಾರಿಸಿದಳು. ಮೈಸೂರಿನ ಕಡೆ ಇಂಥ ಮಕ್ಕಳಿಗೆಂದೇ ಶಾಲೆಯಿದೆ, ತುಟಿ ನೋಡಿ ಮಾತು ತಿಳಿಯಲು ಕಲಿಸುತ್ತಾರೆ, ಓದು ಬರಹವನ್ನೂ ಕಲಿಸುತ್ತಾರೆ ಎಂದರು ಅವರು. ಅಪ್ಪ ಊಟಕ್ಕೆ ಕೂತಾಗ ಅವ್ವ ವಿಷಯ ತೆಗೆದಳು.

“ಮದುವಿಗೆ ಬಂದ ಹುಡುಗೀನ್ನ ಅಷ್ಟು ದೂರ ಕಳ್ಸಿ ನಾನು ನಿದ್ದಿ ಮಾಡ್ಲೇನು? ಆಗಂಗಿಲ್ಲ,” ಎಂದ ಅಪ್ಪ.

“ಹಂಗಾದ್ರೆ ಶಾಲೀನ್ನೇ ಇಲ್ಲಿಗೆ ತರೋಣ್ರಿ. ಅಣ್ಣನ ಮನಿ ಪಡಸಾಲಿ ಖಾಲಿ ಐತೆ. ಕಲ್ಸೋರನ್ನ ಕರೆಸೋಣ. ಸಾರಥಿ ಕೂಸಿನಂಥವು ಇನ್ನೂ ಎಷ್ಟು ಅದಾವೋ.”

“ಶಾಲಿ ಅಂದ್ರೆ ಸಂತ್ಯಾಗ ಸಿಗೋ ಸಾಮಾನೇನು? ಈ ವರ್ಷ ಹತ್ತಿ ಕೇಳೋರಿಲ್ಲ. ನನ್ನ ಕೈಲಿ ಆಗಂಗಿಲ್ಲ.”

ಅವ್ವ ಅಪ್ಪನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. “ನಿಮ್ಮನ್ನ ಕೇಳಂಗಿಲ್ಲ ಬಿಡ್ರಿ. ಊರನ್ನ ಕೇಳ್ತೀನಿ.”

ಅಪ್ಪ ನಕ್ಕ. ಅವ್ವ ಹೊಸಿಲು ದಾಟಿ ಹೋಗುತ್ತಿದ್ದುದೇ ಮಠಕ್ಕೆ, ಮದುವೆ ಮುಂಜಿಗೆ, ತವರಿಗೆ. ಊರನ್ನು ಕೇಳುವುದೆಂದರೆ ಏನೆಂದು ಅವನಿಗೆ ತಿಳಿಯಲಿಲ್ಲ. ನಮಗೂ ತಿಳಿಯಲಿಲ್ಲ.

ಮಾರನೇ ವಾರ ಅವ್ವ ಮಂಜರಪಾಟಿನ ಒರಟು ಬಟ್ಟೆ ತರಿಸಿ ಜೋಳಿಗೆ ಹೊಲಿದಳು. ಅಂಚಿಗೆ ಅಕ್ಕ ಕೆಂಪು ದಾರದಲ್ಲಿ ಸಣ್ಣ ಕಸೂತಿ ಹಾಕಿದಳು. ಜೋಳಿಗೆ ನಮ್ಮ ಮನೆಗೆ ಹೊಸದಲ್ಲ. ಮಠದ ಸ್ವಾಮಿಗಳು ಜೋಳಿಗೆ ಹಿಡಿದು ಓಣಿಗೆ ಬಂದರೆ ನಾವು ಕಾಲಿಗೆ ನೀರು ಹಾಕಿ, ಮೊರದ ತುಂಬ ಜೋಳ ಸುರಿಯುತ್ತಿದ್ದೆವು. ಆದರೆ ಅದು ಸ್ವಾಮಿಗಳ ಹೆಗಲಿಗೆ ಸೇರಿದ್ದು. ದಲ್ಲಾಳಿ ಸಾಹುಕಾರನ ಹೆಂಡತಿ ಅದನ್ನು ಹೆಗಲಿಗೆ ಹಾಕಿಕೊಂಡು ಬೀದಿಗೆ ಇಳಿದದ್ದನ್ನು ಯಾರೂ ಕಂಡಿರಲಿಲ್ಲ.

ಅವ್ವ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ತಲೆ ಮೇಲೆ ಸೆರಗು ಹೊದ್ದು, ನಮ್ಮಿಬ್ಬರನ್ನೂ ಕರೆದುಕೊಂಡು ಹೊರಟಳು. ಓಣಿಯ ಮನೆಗಳನ್ನೆಲ್ಲ ಬಿಟ್ಟು ನೇರವಾಗಿ ಹತ್ತಿ ಮಾರುಕಟ್ಟೆಗೆ ನಡೆದಳು. ಎಲ್ಲ ಅಂಗಡಿಗಳನ್ನೂ ದಾಟಿ ಅಪ್ಪನ ಅಂಗಡಿಯ ಮುಂದೆ ನಿಂತಳು.

ಅಪ್ಪ ಗಾದಿಯ ಮೇಲೆ ಲೋಡಿಗೆ ಒರಗಿ ಕೂತಿದ್ದ. ಎದುರಿಗೆ ಹದಡಿಯ ಕಡೆಯ ರೈತರು, ಪಕ್ಕದಲ್ಲಿ ಗುಮಾಸ್ತ. ಅಪ್ಪನ ಬೆರಳುಗಳಲ್ಲಿ ಹತ್ತಿಯ ಎಳೆ. ತಲೆ ಎತ್ತಿ ನೋಡಿದ. ಎಳೆ ಹಿಡಿದ ಕೈ ಹಾಗೇ ನಿಂತಿತು.

“ಏನಿದು?” ಎಂದ, ಮೆಲ್ಲಗೆ.

“ಕಿವಿ ಕೇಳದ ಮಕ್ಕಳಿಗೆ ಶಾಲಿ ಮಾಡಾಕೆ ಹೊಂಟೀನ್ರಿ. ಮೊದಲ ಭಿಕ್ಷಾ ನಮ್ಮ ಅಂಗಡಿಯಿಂದ ಬರ್ಲಿ ಅಂತ ಬಂದೆ.”

ಗುಮಾಸ್ತ ನೆಲ ನೋಡಿದ. ಅಪ್ಪನ ಕಿವಿಗಳು ಕೆಂಪಾದವು. “ಮನಿಗೆ ನಡಿ,” ಎಂದ. ಅವ್ವ ಕದಲಲಿಲ್ಲ. ಅಪ್ಪ ಎದ್ದು ಒಳಗಿನ ಗೋದಾಮಿಗೆ ಹೋಗಿಬಿಟ್ಟ.

ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತ್ತು. ಆಗ ಹದಡಿಯ ಒಬ್ಬ ಮುದುಕ ಎದ್ದು ನಿಂತ. ಹೆಗಲ ಮೇಲೆ ಕಂಬಳಿ, ಕಾಲಿಗೆ ಹೊಲದ ಮಣ್ಣಿನ್ನೂ ಅಂಟಿತ್ತು.

“ಅಮ್ಮಾರೆ, ಕಿವಿ ಕೇಳದ ಮಕ್ಕಳು ಕಲೀತಾವೇನ್ರಿ?”

“ಕಲೀತಾವಪ್ಪಾ. ನನ್ನ ಮಗಳ್ನ ನೋಡು. ಈ ಕಸೂತಿ ಅವಳದೇ.”

ಮುದುಕ ಜೋಳಿಗೆಯ ಅಂಚನ್ನು ಹಿಡಿದು ನೋಡಿದ. ಆಮೇಲೆ ತನ್ನ ಚೀಲದಿಂದ ಎರಡೂ ಕೈಯಲ್ಲಿ ಹತ್ತಿ ತೆಗೆದು ಜೋಳಿಗೆಗೆ ಹಾಕಿದ. “ನನ್ನ ತಮ್ಮ ಒಬ್ಬ ಹಂಗೇ ಇದ್ದ. ದನ ಕಾಯ್ಕೊಂಡೇ ಸತ್ತ,” ಎಂದ. ಉಳಿದ ರೈತರೂ ಎದ್ದರು. ಅಪ್ಪನ ಅಂಗಡಿಯ ಮುಂದೆಯೇ ಜೋಳಿಗೆ ತುಂಬಿತು, ಅಪ್ಪನದೊಂದು ಎಳೆಯೂ ಇಲ್ಲದೆ.

ಅವತ್ತಿನಿಂದ ಅಪ್ಪ ಅವ್ವನ ಜೊತೆ ಮಾತು ಬಿಟ್ಟ. ಬಯ್ಯಲಿಲ್ಲ, ತಡೆಯಲಿಲ್ಲ. “ನಿಮ್ಮವ್ವಗೆ ಹೇಳು, ಅಂಗಿ ಒಗೆಯಾಕೆ ಹಾಕೀನಿ ಅಂತ,” ಎಂದು ನನಗೆ ಹೇಳುತ್ತಿದ್ದ, ಅವ್ವ ಎದುರಿಗೇ ನಿಂತಿರುತ್ತಿದ್ದಳು. “ನಿಮ್ಮಪ್ಪಗೆ ಹೇಳು, ನೀರು ಕಾದೈತೆ ಅಂತ,” ಎನ್ನುತ್ತಿದ್ದಳು ಅವ್ವ. ಅಕ್ಕನ ಜೊತೆ ಮಾತ್ರ ಅಪ್ಪ ಎಂದಿನಂತೆ ಸನ್ನೆ ಮಾಡಿ ನಗುತ್ತಿದ್ದ. ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಕೈಮಾತೇ ಬಾಯಿಮಾತಿಗಿಂತ ಹೆಚ್ಚಾಗಿತ್ತು.

ಅವ್ವ ಅಲ್ಲಿಗೇ ನಿಲ್ಲಿಸಲಿಲ್ಲ. ಸೋಮವಾರ ಬಿಟ್ಟು ಮಿಕ್ಕ ದಿನಗಳಲ್ಲಿ ಒಂದೊಂದು ಓಣಿ ಹಿಡಿದಳು. ಜವಳಿ ಅಂಗಡಿಗಳ ಸಾಲಿನಲ್ಲಿ ಕೆಲವರು ಎದ್ದು ನಿಂತು ಕೊಟ್ಟರು, ಕೆಲವರು ಒಳಗಿದ್ದೂ ಇಲ್ಲವೆನಿಸಿದರು. ಒಬ್ಬಾಕೆ ಬಾಗಿಲಲ್ಲೇ ನಿಂತು, “ಯಾಕವ್ವಾ, ಗಂಡ ಅನ್ನ ಹಾಕಂಗಿಲ್ಲೇನು?” ಎಂದಳು. ಅವ್ವ, “ಹಾಕ್ತಾನ್ರಿ, ಹೊಟ್ಟಿ ತುಂಬ ಹಾಕ್ತಾನೆ. ಅದಕ್ಕೇ ಬ್ಯಾರೆಯವರ ಮಕ್ಕಳ ನೆನಪು ಬಂತು,” ಎಂದಳು. ಆ ಮನೆಯಿಂದ ಏನೂ ಸಿಗಲಿಲ್ಲ. ಆದರೆ ಮಿಲ್ಲಿನ ಕೆಲಸಗಾರರ ಓಣಿಗಳಲ್ಲಿ ಜೋಳಿಗೆ ಖಾಲಿ ಬಂದ ದಿನವೇ ಇಲ್ಲ. ಪಾಳಿ ಮುಗಿಸಿ ಬಂದ ಹೆಂಗಸರು ತಲೆಗೂದಲಲ್ಲಿ ಇನ್ನೂ ಹತ್ತಿ ಅಂಟಿಕೊಂಡಂತೆಯೇ ಮಡಕೆಯಿಂದ ಹಿಡಿ ಜೋಳ ತಂದು ಹಾಕುತ್ತಿದ್ದರು. ಮಂಡಕ್ಕಿ ಭಟ್ಟಿಯ ಒಬ್ಬ ಬೀಬಿ, ಹೊಗೆಯಿಂದ ಕಣ್ಣು ಕೆಂಪಗಾದವಳು, “ಶಾಲಿ ಶುರುವಾಗ್ಲಿ ಅಮ್ಮಾ, ಮಕ್ಕಳಿಗೆ ವಾರಾ ವಾರಾ ಮಂಡಕ್ಕಿ ನಂದು,” ಎಂದಳು. ಆ ಮಾತನ್ನು ಅವಳು ಕೊನೆಯವರೆಗೆ ನಡೆಸಿದಳು. ಬೆಚ್ಚಗಿನ ಮಂಡಕ್ಕಿಯ ಚೀಲವನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದ ಹಿತ ನನಗೆ ಇವತ್ತಿಗೂ ನೆನಪಿದೆ. ಚಳಿಗಾಲದ ಬೆಳಗಿನಲ್ಲಿ ಅದಕ್ಕಿಂತ ಸುಖವಾದ ಭಾರವನ್ನು ನಾನು ಮತ್ತೆ ಹೊತ್ತಿಲ್ಲ.

ಬಂದ ಕಾಳು ಕಡಿ, ಹತ್ತಿಯನ್ನು ಮಾವ ಸಂತೆಯಲ್ಲಿ ಮಾರಿಸಿದ. ಡಾಕ್ಟರರ ಪರಿಚಯದಿಂದ ಮೈಸೂರಿನ ಕಡೆ ತರಬೇತಾದ ಒಬ್ಬ ಟೀಚರು ಬಂದರು. ಇನ್ನೂ ಚಿಕ್ಕ ವಯಸ್ಸು, ನೀಲಿ ಅಂಚಿನ ಬಿಳಿ ಸೀರೆ, ಕೈಯಲ್ಲೊಂದು ಟ್ರಂಕು. ಮಾವನ ಮನೆಯಲ್ಲೇ ಉಳಿದರು. ಪಡಸಾಲೆಯ ಧೂಳು ಗುಡಿಸಿ, ಚಾಪೆ ಹಾಸಿ, ಗೋಡೆಗೆ ಒಂದು ದೊಡ್ಡ ಕನ್ನಡಿ ತೂಗುಹಾಕಿದ್ದೇ ಶಾಲೆಯಾಯಿತು. ಮೊದಲು ಬಂದದ್ದು ಸಾರಥಿಯ ಆ ಹುಡುಗಿ. ಅವಳವ್ವನಿಗೆ ದಿನಾ ಕರೆದುಕೊಂಡು ಬಂದು ಹೋಗಲು ಆಗುವುದಿಲ್ಲವೆಂದು ಅತ್ತೆ, ಅಂದರೆ ಮಾವನ ಹೆಂಡತಿ, ಅವಳನ್ನು ಮನೆಯಲ್ಲೇ ಇಟ್ಟುಕೊಂಡಳು. ಆಮೇಲೆ ನದಿಯಾಚೆಯ ಊರುಗಳಿಂದ, ಹರಿಹರದ ಓಣಿಗಳಿಂದ ಒಂದೊಂದೇ ಮಗು ಬಂತು. ಅಕ್ಕ ಎಲ್ಲರಿಗಿಂತ ದೊಡ್ಡ ವಿದ್ಯಾರ್ಥಿನಿ. ಅವಳನ್ನು ಹರಿಹರದಲ್ಲೇ ಬಿಟ್ಟು, ಅವ್ವ ಮತ್ತು ನಾನು ಶನಿವಾರ ಭಾನುವಾರ ಹೋಗಿ ಬರುತ್ತಿದ್ದೆವು.

ಟೀಚರಿಗೆ ಕೈಸನ್ನೆ ಕಂಡರಾಗದು. “ಕೈ ಬಿಟ್ಟರೇನೇ ಬಾಯಿ ಬರೋದು. ಎಲ್ಲರೂ ಕೈ ಕಟ್ಟಿ ಕೂತ್ಕೊಳ್ಳಿ,” ಎನ್ನುತ್ತಿದ್ದರು. ಅವರು ಕಲಿತು ಬಂದದ್ದು ಹಾಗೆಯೇ. ಉರಿಯುವ ದೀಪದ ಮುಂದೆ ಮಕ್ಕಳನ್ನು ಕೂರಿಸಿ ‘ಪ’ ಅನ್ನಿಸುತ್ತಿದ್ದರು. ಸರಿಯಾಗಿ ಅಂದರೆ ಜ್ವಾಲೆ ಅಲುಗುತ್ತಿತ್ತು. ಮಗುವಿನ ಕೈಯನ್ನು ತಮ್ಮ ಗಂಟಲಿಗೆ ಒತ್ತಿಕೊಂಡು ‘ಮ’ ಅನ್ನುತ್ತಿದ್ದರು. ಬೇಸರ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಅಕ್ಕನಿಗೆ ಮೊದಲು ಸಂಕಟವಾಯಿತು. ಕೈ ಕಟ್ಟಿ ಕೂತರೆ ಅವಳಿಗೆ ಬಾಯಿ ಹೊಲಿದಂತೆ. ಆದರೂ ಕೂತಳು. ಪಾಠ ಮುಗಿದು ಊಟಕ್ಕೆ ಬಿಟ್ಟ ಕೂಡಲೇ ಎಲ್ಲ ಮಕ್ಕಳೂ ಅವಳ ಸುತ್ತ ಸೇರುತ್ತಿದ್ದರು. ಆಗ ಕೈಗಳ ಸಂತೆ. ಕೆಲವು ತಿಂಗಳಲ್ಲಿ ಅಕ್ಕ ತುಟಿ ಓದಲು ಕಲಿತಳು. ತನ್ನ ಹೆಸರು, ನನ್ನ ಹೆಸರು, ಊರಿನ ಹೆಸರು ಬರೆದಳು. ಟೀಚರೂ, ಯಾವ ಮಗುವಾದರೂ ಅಳುತ್ತ ಬಂದರೆ, “ಅದಕ್ಕೆ ಏನಾಗಿದೆ ಅಂತ ಸ್ವಲ್ಪ ಕೇಳಿ ಹೇಳಮ್ಮಾ,” ಎಂದು ಅಕ್ಕನನ್ನು ಕರೆಯತೊಡಗಿದರು. ಒಂದು ಶನಿವಾರ ನಾವು ಹೋದಾಗ ಅವರು ತಾವೇ ಮುಷ್ಟಿಯನ್ನು ಬಾಯಿಗೆ ಚಿಮ್ಮಿ ಮಂಡಕ್ಕಿ ಬಂತೇ ಎಂದು ಕೇಳಿದರು. ಅವ್ವ ಸೆರಗಿನ ಮರೆಯಲ್ಲಿ ನಕ್ಕಳು.

ಸಾರಥಿಯ ಹುಡುಗಿ ಸ್ಪಷ್ಟವಾಗಿ ಅಂದ ಮೊದಲ ಮಾತು ‘ಎಮ್ಮೆ’. ಮಾವನ ಎಮ್ಮೆ ಪಡಸಾಲೆಯ ಎದುರಿಗೇ ಕಟ್ಟಿರುತ್ತಿತ್ತು. ವಾರಕ್ಕೊಮ್ಮೆ ನೋಡಲು ಬರುತ್ತಿದ್ದ ಅವಳವ್ವ ಅದನ್ನು ಕೇಳಿ, “ಹೊತ್ತು ಹೆತ್ತೋಳ್ನ ಬಿಟ್ಟು ಎಮ್ಮೀನ್ನ ಕರೀತಾಳಲ್ರೀ!” ಎಂದು ನಗುತ್ತಲೇ ಕಣ್ಣೊರೆಸಿಕೊಂಡಳು. ಮತ್ತೆ ಮತ್ತೆ ಅನ್ನಿಸಿದಳು. ಎಮ್ಮೆಯೂ ಒಮ್ಮೆ ತಿರುಗಿ ನೋಡಿತು.

ಮಳೆಗಾಲ ಬಂತು. ಮಾವನದು ಹಳೆಯ ಮಣ್ಣಿನ ಮಾಳಿಗೆ. ಪಡಸಾಲೆ ಅಲ್ಲಲ್ಲಿ ಸೋರಿತು. ಮಕ್ಕಳು ಚಾಪೆ ಎತ್ತಿಕೊಂಡು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವುದು, ದೀಪ ಆರುವುದು, ಕನ್ನಡಿಯ ಮೇಲೆ ನೀರಿಳಿಯುವುದು. ಜೋಳಿಗೆಯ ಕಾಳಿನಲ್ಲಿ ಟೀಚರ ಸಂಬಳ, ಮಕ್ಕಳ ಊಟ ಆಗುತ್ತಿತ್ತು, ಮಾಳಿಗೆ ಆಗುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಹರಿಹರದ ಒಬ್ಬ ಸಾಹುಕಾರರು ಶಾಲೆ ನೋಡಲು ಬಂದರು. ಅಕ್ಕಿ ಗಿರಣಿ, ಹೊಲ ಮನೆ ಇದ್ದವರು. ದೈವಭಕ್ತರು. ಮಾವ ಅವರಿಗೆ ಬೇವಿನ ಮರ, ಹಗ್ಗದ ಸಂಗತಿಯನ್ನೆಲ್ಲ ಹೇಳಿದಾಗ ಅವರ ಕಣ್ಣಲ್ಲಿ ನಿಜಕ್ಕೂ ನೀರು ಬಂತು. ತಮ್ಮ ಜಾಗದಲ್ಲಿ ಹಂಚು ಹೊದಿಸಿದ ಕಟ್ಟಡವನ್ನೇ ಕಟ್ಟಿಸಿಕೊಡುತ್ತೇನೆ ಎಂದರು. ಅವ್ವ ಕೈ ಮುಗಿದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಬಹಳ ದಿನದ ಮೇಲೆ ನೋಡಿದೆ.

ಮುಂದಿನ ವಾರ ಅವರು ಮತ್ತೆ ಬಂದರು. ಅಡಿಗಲ್ಲು ಹಾಕುವ ದಿನ ದೊಡ್ಡ ಸಭೆ ಮಾಡೋಣ, ಊರ ದೊಡ್ಡವರನ್ನೆಲ್ಲ ಕರೆಯೋಣ ಎಂದರು.

“ನೋಡವ್ವಾ, ಜನಕ್ಕೆ ಕಣ್ಣೀರು ಬರ್ಬೇಕು. ಕಣ್ಣೀರು ಬಂದ್ರೆ ಕೈ ತಾನೇ ಬಿಚ್ತಾವೆ. ಆ ಹುಡುಗೀನ್ನ ವೇದಿಕಿ ಮ್ಯಾಲೆ ಹಗ್ಗದಾಗ ಕಟ್ಟಿ ನಿಲ್ಸೋಣ. ನಾನು ಬಂದು ಎಲ್ಲರ ಮುಂದೆ ಬಿಚ್ತೀನಿ. ನಾಟಕದಂಗೆ. ಬ್ಯಾರೆ ಸಾಹುಕಾರ್ರೂ ಕೊಡಾಕೆ ಮುಂದೆ ಬರ್ತಾರೆ.”

ಅವ್ವ ಮೇಲೆ ಸೋರುತ್ತಿದ್ದ ಜಂತೆ ನೋಡಿದಳು. “ಒಂದು ಗಳಿಗಿ ಅಷ್ಟೇ ಅಲ್ಲೇನ್ರಿ?” ಎಂದಳು. ದನಿಯಲ್ಲಿ ಜೀವ ಇರಲಿಲ್ಲ. ಮಾವ, “ಅಷ್ಟೇ ತಂಗೀ, ನಾಟಕ,” ಎಂದ. ಟೀಚರು ಕನ್ನಡಿಯ ಮೇಲಿನ ನೀರು ಒರೆಸುತ್ತಿದ್ದರು.

ಹೇಗೆ ಕಾಣುತ್ತದೋ ನೋಡೋಣವೆಂದು ಸಾಹುಕಾರರ ಆಳು ಬಾವಿಯ ಹಗ್ಗ ತಂದ. ಹಗ್ಗ ಕಂಡ ಕೂಡಲೇ ಆ ಹುಡುಗಿ ಆಡುತ್ತಿದ್ದುದನ್ನು ಬಿಟ್ಟು ಎದ್ದಳು. ಯಾರೂ ಅವಳಿಗೆ ಏನೂ ಹೇಳಿರಲಿಲ್ಲ. ತಾನಾಗಿ ಪಡಸಾಲೆಯ ಕಂಬದ ಹತ್ತಿರ ಹೋಗಿ, ಅದಕ್ಕೆ ಬೆನ್ನು ಕೊಟ್ಟು, ಎರಡೂ ಕೈಗಳನ್ನು ಸ್ವಲ್ಪ ಮೇಲೆತ್ತಿ ನಿಂತಳು. ಸೊಂಟಕ್ಕೆ ಹಗ್ಗ ಸುತ್ತಲು ಅನುಕೂಲವಾಗಲೆಂದು.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲರ ತುಟಿ ನೋಡುತ್ತಿದ್ದಳು. ನೇರವಾಗಿ ಬಂದು ಆಳಿನ ಕೈಯಿಂದ ಹಗ್ಗ ಕಸಿದು ಅಂಗಳದ ಕೆಸರಿಗೆ ಎಸೆದಳು. ಹುಡುಗಿಯನ್ನು ಎಳೆದು ತನ್ನ ಹಿಂದೆ ನಿಲ್ಲಿಸಿಕೊಂಡಳು. ಆಮೇಲೆ ಸಾಹುಕಾರರ ಎದುರಿಗೆ ನಿಂತು ಕೈಯಿಂದ ಮಾತಾಡತೊಡಗಿದಳು. ಅವಳ ಕೈ ಅಷ್ಟು ವೇಗವಾಗಿ ಓಡಿದ್ದನ್ನು ನಾನು ಕಂಡಿರಲಿಲ್ಲ.

“ಏನಂತಾಳೆ?” ಎಂದು ಸಾಹುಕಾರರು ನನ್ನನ್ನು ಕೇಳಿದರು.

ಮಾವ ನಡುವೆ ಬಂದು, “ಏನಿಲ್ರಿ, ಹೆದರ‍್ಯಾಳೆ ಅಷ್ಟೇ,” ಎಂದು ನನ್ನತ್ತ ಕಣ್ಣು ಸನ್ನೆ ಮಾಡಿದ. ನಾನೂ ಹಾಗೇ ಏನಾದರೂ ಹೇಳಿ ಮುಗಿಸಿಬಿಡುತ್ತಿದ್ದೆನೇನೋ. ಆದರೆ ಅಕ್ಕ ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಅವಳಿಗೆ ಈಗ ತುಟಿ ಓದಲು ಬರುತ್ತಿತ್ತು. ನಾನು ಏನು ಹೇಳಿದರೂ ಅವಳಿಗೆ ಗೊತ್ತಾಗುತ್ತಿತ್ತು. ಮೊದಲೆಲ್ಲ ಅವಳ ಮಾತನ್ನು ನಾನು ನನಗೆ ತೋಚಿದಂತೆ ಹಿರಿಯರಿಗೆ ಹೇಳುತ್ತಿದ್ದೆ. ಈಗ ಹಾಗಾಗುವಂತಿರಲಿಲ್ಲ. ಅವಳ ಮಾತನ್ನು ಇದ್ದ ಹಾಗೆ ಹೇಳಿದೆ.

“ಇವಳು ಹಗ್ಗ ಮರೆತಿದ್ಲು. ನೀವು ನೆನಪು ಮಾಡಿದ್ರಿ. ನೀವು ಬಿಚ್ಚಿ ನಿಮ್ಮ ಮನಿಗೆ ಹೋಗ್ತೀರಿ. ಇವಳು ನಾಳೆ ಯಾರು ಕಟ್ತಾರೋ ಅಂತ ಕಾಯ್ತಾಳೆ. ಮಳಿ ನೀರು ಬಿದ್ರೆ ಒರೆಸ್ಕೊಂತೀವಿ. ಇದು ಬ್ಯಾಡ. ಅಂತಾಳ್ರಿ ಅಕ್ಕ.”

ಸಾಹುಕಾರರು ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ಮುಖ ಕಪ್ಪಿಟ್ಟಿತು. “ಒಳ್ಳೇದು ಮಾಡಾಕೆ ಬಂದ್ರೆ ನಂಗೇ ಬುದ್ಧಿ ಹೇಳ್ತೀರೇನು? ಆತು, ಆತು,” ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ಆಳು ಕೆಸರಿನಿಂದ ಹಗ್ಗ ಎತ್ತಿಕೊಂಡು ಅವರ ಹಿಂದೆ ಹೋದ.

“ಕೈಗೆ ಬಂದ ಕಟ್ಟಡ ಹೋತು,” ಎಂದು ಮಾವ ತಲೆ ಮೇಲೆ ಕೈ ಹೊತ್ತು ಕೂತ. ಅವ್ವ ಎದ್ದು ಬಂದು ಅಕ್ಕನ ಕೆನ್ನೆ ಸವರಿದಳು.

“ಹೋಗ್ಲಿ ಬಿಡಣ್ಣ. ನಾನು ಒಪ್ಕೊಂಡಿದ್ದೆ. ನನ್ನ ಮಗಳು ಒಪ್ಲಿಲ್ಲ.” ಆಮೇಲೆ ಟೀಚರ ಕಡೆ ತಿರುಗಿ, “ನೀವಾದ್ರೂ ಒಂದು ಮಾತು ಹೇಳ್ಬಾರ್ದೇನ್ರಿ?” ಎಂದಳು. ಟೀಚರು ಅಳುತ್ತಿದ್ದರು.

ಈ ಸುದ್ದಿ ನಮಗಿಂತ ಮೊದಲೇ ದಾವಣಗೆರೆಯ ಮಾರುಕಟ್ಟೆಗೆ ಮುಟ್ಟಿತ್ತು. ಭಾನುವಾರ ಸಂಜೆ ನಾವು ಮನೆಗೆ ಬಂದಾಗ ಅಪ್ಪ ಅಂಗಡಿಗೆ ಬೀಗ ಹಾಕಿ ಬಂದು ಕಟ್ಟೆಯ ಮೇಲೆ ಕೂತಿದ್ದ. ಅವ್ವ ಕಾಲು ತೊಳೆದು ಒಳಗೆ ಹೋಗುವಾಗ, ಅವಳತ್ತ ನೋಡದೆಯೇ, ಆದರೆ ಅವಳನ್ನೇ ಕೇಳಿದ.

“ಮಾಳಿಗಿ ಎಲ್ಲೆಲ್ಲಿ ಸೋರ್ತೈತೆ?”

ಎಷ್ಟೋ ತಿಂಗಳ ಮೇಲೆ ಅಪ್ಪ ಅವ್ವನ ಜೊತೆ ಆಡಿದ ಮೊದಲ ಮಾತು ಅದು. ಅವ್ವ ಹೊಸಿಲಲ್ಲೇ ನಿಂತಳು. “ನಡುವಿನ ಅಂಕಣದಾಗ ಹೆಚ್ಚು ರೀ. ಕಂಬದ ಪಕ್ಕಕ್ಕೂ ಐತೆ,” ಎಂದಳು. ಇಬ್ಬರ ನಡುವೆ ಮಾತು ಮುಟ್ಟಿಸುವ ಕೆಲಸದಿಂದ ನಾನು ಅವತ್ತು ಬಿಡುಗಡೆಯಾದೆ.

ಎರಡು ದಿನ ಬಿಟ್ಟು ಅಪ್ಪ ತನ್ನ ಗೋದಾಮಿನ ಹಿಂದಿನ ಚಪ್ಪರದ ತಗಡುಗಳನ್ನೆಲ್ಲ ಕೀಳಿಸಿ ಗಾಡಿಗೆ ಹೇರಿಸಿದ. ಸ್ವತಃ ಆ ಗಾಡಿಯ ಜೊತೆಗೇ ಹರಿಹರಕ್ಕೆ ಬಂದ. ಕೋಟು ಬಿಚ್ಚಿ, ಧೋತರ ಎತ್ತಿ ಕಟ್ಟಿ, ಬಡಗಿಯ ಜೊತೆ ಏಣಿ ಹತ್ತಿದ. ಮಕ್ಕಳೆಲ್ಲ ಅಂಗಳದಲ್ಲಿ ನಿಂತು ನೋಡುತ್ತಿದ್ದರು. ಅಕ್ಕ ಅವರಿಗೆ ಅವನು ಯಾರೆಂದು ಹೇಳಿಕೊಟ್ಟಳು. ಅಪ್ಪ ಮೇಲಿಂದ ಕೆಳಗೆ ನೋಡಿದರೆ, ಅಷ್ಟೂ ಮಕ್ಕಳು ಕಾಣದ ಹತ್ತಿಯನ್ನು ಹಿಗ್ಗಿಸಿ ಬೆಳಕಿಗೆ ಹಿಡಿದು ನೋಡುತ್ತ ನಿಂತಿದ್ದರು. ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಏಣಿ ಅಲುಗಾಡಿತು. ಬಡಗಿ, “ಸಾವ್ಕಾರ್ರೇ, ಹುಷಾರು!” ಎಂದು ಕೂಗಿದ.

ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಕಿವಿ ಗಡಚಿಕ್ಕುವ ಸದ್ದು. ಆ ಶಾಲೆಗೆ ಅದರಿಂದ ತೊಂದರೆಯೇ ಇರಲಿಲ್ಲ. ಟೀಚರು ಮಾತ್ರ ತಲೆನೋವು ಎನ್ನುತ್ತಿದ್ದರು.

ಆ ಸಾಹುಕಾರರು ಮತ್ತೆ ಬರಲಿಲ್ಲ. ಬೇರೆಲ್ಲೋ ಛತ್ರ ಕಟ್ಟಿಸಿದರೆಂದು ಕೇಳಿದೆ. ಅವರನ್ನು ಕೆಟ್ಟವರೆನ್ನಲು ನನಗೆ ಮನಸ್ಸಿಲ್ಲ. ಅವರ ಕಣ್ಣೀರನ್ನು ನಾನೇ ನೋಡಿದ್ದೇನೆ. ಪಡಸಾಲೆಯ ಶಾಲೆ ಮಾತ್ರ ಹಿಡಿ ಜೋಳ, ಹಿಡಿ ಹತ್ತಿಯಲ್ಲೇ ಬಹಳ ಕಾಲ ನಡೆಯಿತು. ದಶಕ ಮುಗಿಯುವ ಹೊತ್ತಿಗೆ ಸರ್ಕಾರದ ನೆರವು ಬಂದು ಮಕ್ಕಳು ಬೇರೆ ಕಟ್ಟಡಕ್ಕೆ ಹೋದರು. ಅಕ್ಕನೂ ಅವರ ಜೊತೆ ಹೋದಳು. ಚಿಕ್ಕವರಿಗೆ ಮೊದಲ ಪಾಠ ಹೇಳುವುದು, ದೊಡ್ಡವರಿಗೆ ಹೊಲಿಗೆ ಕಲಿಸುವುದು ಅವಳ ಕೆಲಸ. ಮದುವೆಯ ಮಾತು ಬಂದಾಗಲೆಲ್ಲ ಅವಳು ಮಕ್ಕಳ ಕಡೆ ಕೈ ತೋರಿಸಿ ನಕ್ಕುಬಿಡುತ್ತಿದ್ದಳು. ಸಾರಥಿಯ ಹುಡುಗಿ ಅವಳ ಕೈಕೆಳಗೇ ಹೊಲಿಗೆ ಕಲಿತು, ತನ್ನ ಊರಲ್ಲೇ ಮಶಿನ್ ಇಟ್ಟುಕೊಂಡಳು. ಅವಳವ್ವ ಕೂಲಿ ಬಿಟ್ಟು ಮಗಳ ಪಕ್ಕದಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳು.

ನನಗೆ ಹರಿಹರ ಅಂದರೆ ನೆನಪಾಗುವುದು ಅಲ್ಲಿನ ಶನಿವಾರದ ಮಧ್ಯಾಹ್ನಗಳು. ಪಾಠ ಬೇಗ ಮುಗಿಸಿ ಮಕ್ಕಳನ್ನೆಲ್ಲ ತುಂಗಭದ್ರೆಗೆ ಸ್ನಾನಕ್ಕೆ ಕರೆದೊಯ್ಯುತ್ತಿದ್ದೆವು. ಬೇಸಿಗೆಯಲ್ಲಿ ನೀರು ಮೊಣಕಾಲಿಗೆ, ಉಳಿದದ್ದೆಲ್ಲ ಬಿಳಿ ಮರಳು. ನೀರಿಗಿಳಿದ ಕೂಡಲೇ ಮಕ್ಕಳು ಕಿರುಚುತ್ತಿದ್ದರು. ತಮ್ಮ ದನಿ ಎಷ್ಟು ದೊಡ್ಡದೆಂದು ಅವರಿಗೇ ತಿಳಿಯದು. ಹೊಳೆಯ ಆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ನೋಡುತ್ತಿದ್ದರು, ಸೇತುವೆಯ ಮೇಲೆ ಹೋಗುವ ಗಾಡಿಯವರು ಎತ್ತು ನಿಲ್ಲಿಸುತ್ತಿದ್ದರು. “ಇವು ಮೂಗ ಮಕ್ಕಳಂತ ಯಾರ‍್ರೀ ಅಂದೋರು?” ಎಂದು ಒಬ್ಬಾತ ಮೇಲಿಂದ ಕೂಗಿ ಕೇಳಿದ. ಟೀಚರು ಮರಳಿನ ಮೇಲೆ ಸೀರೆ ಒದ್ದೆಯಾಗದಂತೆ ಎತ್ತಿ ಹಿಡಿದು ನಿಂತಿರುತ್ತಿದ್ದರು. ಅಕ್ಕ ನಡುನೀರಲ್ಲಿ ನಿಂತು, ಸುತ್ತಲೂ ನೀರು ಎರಚುವ ಮಕ್ಕಳ ಮಧ್ಯೆ, ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು. ಹೊತ್ತಾಯಿತು, ಹೊರಡೋಣ ಎಂದು ಅವಳಿಗೆ ಕೈಯಿಂದ ಹೇಳಲು, ಅವಳು ಕಣ್ಣು ತೆರೆಯುವವರೆಗೆ ನಾವು ದಂಡೆಯ ಮೇಲೆ ಕಾಯುತ್ತಿದ್ದೆವು.